ನಕ್ಷೆ ತಿದ್ದಿದ ಮೇಷ್ಟ್ರು

ಹೋದ ತಿಂಗಳು ತೀರಿಕೊಂಡ ನಮ್ಮ ಮೇಷ್ಟ್ರಿಗೆ ನಾನು ಒಂದು ಸಲ ಮೋಸ ಮಾಡಿದ್ದೆ. ಅವರು ಅದನ್ನು ಹಿಡಿದುಬಿಟ್ಟರು. ಆದರೆ ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಬೈದಿದ್ದರೆ ಇವತ್ತು ಅವರ ಬಗ್ಗೆ ಬರೆಯುವುದು ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಒಂಟಿಕೊಪ್ಪಲಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಗೃಹಪ್ರವೇಶದ ಕರೆಯೋಲೆ, ನಾಮಕರಣದ ಫ್ಲೆಕ್ಸು, ಎಲ್ಲ ಮಾಡುತ್ತೇನೆ. ಹನ್ನೆರಡು ವರ್ಷದ ಹಿಂದೆ ಒಂದು ಬೆಳಗ್ಗೆ ಒಬ್ಬರು ಮೊಪೆಡ್ ನಿಲ್ಲಿಸಿ ಒಳಗೆ ಬಂದರು. ಕಂಕುಳಲ್ಲಿ ಮಾರುದ್ದದ ಪಿವಿಸಿ ಪೈಪು, ಎರಡು ತುದಿಗೂ ಮುಚ್ಚಳ. ಪ್ಲಂಬರ್ ಅಂದುಕೊಂಡೆ. "ನಲ್ಲಿ ಸೋರ್ತಿರೋದು ಮೇಲಿನ ಮನೇಲಿ, ಮೆಟ್ಲು ಆ ಕಡೆ" ಅಂದೆ. ಅವರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ.

"ನಿಮ್ಮ ತಾತನ ಹೆಸರೇನು ಸ್ವಾಮಿ?" ಅಂದರು.

ಅವರು ಯಾರನ್ನು ಕಂಡರೂ ಮೊದಲು ಕೇಳುವುದು ಇದನ್ನೇ. ಎದುರಿಗಿರುವವನ ಹೆಸರು, ಕೆಲಸ, ಮನೆ ಎಲ್ಲ ಆಮೇಲೆ. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತರಾದವರು, ಕುಂಬಾರಕೊಪ್ಪಲಿನಲ್ಲಿ ಮನೆ. ನಿವೃತ್ತಿಯಾದ ಮೇಲೆ ಮೈಸೂರು ಸುತ್ತಲ ಹಳ್ಳಿಗಳಿಂದ ಬಂದ ಒಕ್ಕಲುತನದ ಮನೆಗಳ ವಂಶ ಬರೆಯುವ ಹುಚ್ಚು ಹತ್ತಿತ್ತು. ಪೈಪಿನ ಒಳಗೆ ಇದ್ದದ್ದು ಸುರುಳಿ ಸುತ್ತಿದ ನಕ್ಷೆಗಳು. ಬಿಚ್ಚಿ ಹರಡಿದರೆ ನನ್ನ ಮೇಜು ಸಾಲಲಿಲ್ಲ. ನೆಲದ ಮೇಲೆ ಹಾಸಿ ನಾವಿಬ್ಬರೂ ಮಂಡಿಯೂರಿ ಕೂತೆವು.

"ಎಲ್ರೂ ವಂಶವೃಕ್ಷ ಅಂತ ಮರ ಬರೀತಾರೆ ಕಣ್ರೀ. ಮರ ಕೆಳಗಿಂದ ಮೇಲಕ್ಕೆ ಹೋಗುತ್ತೆ. ವಂಶ ಮೇಲಿಂದ ಕೆಳಕ್ಕೆ ಬರುತ್ತೆ, ನೀರಿನ ಥರ" ಅಂದರು.

ಹಾಗಾಗಿ ಅವರ ನಕ್ಷೆಯಲ್ಲಿ ವಂಶವೆಂದರೆ ಹೊಳೆ. ಗಂಡುಮಕ್ಕಳದು ನೀಲಿ ಗೆರೆ, ಕವಲೊಡೆಯುತ್ತ ಇಳಿಯುತ್ತದೆ. ಮದುವೆಯಾಗಿ ಬೇರೆ ಮನೆಗೆ ಹೋದ ಹೆಣ್ಣುಮಕ್ಕಳದು ಹಸಿರು ಗೆರೆ, ಹೊಳೆಯಿಂದ ತೆಗೆದ ನಾಲೆ. ಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಹಳೆಯ ಹೆಂಗಸರ ಹೆಸರು ಹುಡುಕಿದರೂ ಸಿಗುವುದಿಲ್ಲ. ಇವರು ಪಟ್ಟು ಹಿಡಿದು ಹುಡುಕುತ್ತಿದ್ದರು. ಸಿಗದಿದ್ದರೆ ಅಲ್ಲೊಂದು ಸಣ್ಣ ಸೊನ್ನೆ ಸುತ್ತುತ್ತಿದ್ದರು. ಇಲ್ಲಿ ಒಬ್ಬಳಿದ್ದಳು ಅಂತ ಅದರ ಅರ್ಥ.

ಅವರ ಹೆಂಡತಿಗೆ ಈ ಹೊಳೆಗಳ ಮೇಲೆ ಅಷ್ಟೇನೂ ಪ್ರೀತಿಯಿರಲಿಲ್ಲ. ನಾನು ಅವರ ಮನೆಗೆ ಹೋದಾಗಲೆಲ್ಲ, "ಇವರಿಗೆ ಸತ್ತೋರ ಮೇಲಿರೋ ಅಕ್ಕರೆ ಬದುಕಿರೋರ ಮೇಲಿಲ್ಲ ಕಣಪ್ಪ. ನಾನು ಸತ್ರೆ ಒಂದ್ ಗೆರೆ ಎಳೀತಾರೆ, ಅದ್ಕೇ ಕಾಯ್ತಿದೀನಿ" ಅನ್ನುತ್ತಿದ್ದರು. ಮೇಷ್ಟ್ರು ತಲೆ ಎತ್ತದೆ, "ನಿಂದು ಆಗ್ಲೇ ಎಳ್ದಾಗಿದೆ, ಹಸಿರಲ್ಲಿ" ಅನ್ನುತ್ತಿದ್ದರು.

ಅವರಿಗೆ ಎರಡು ಕಟ್ಟುಪಾಡುಗಳಿದ್ದವು. ಒಂದು, ಯಾರ ಮನೆಗೆ ಹೋದರೂ ಬರೆದು ಮುಗಿಸುವ ತನಕ ಕಾಫಿ ಮುಟ್ಟುತ್ತಿರಲಿಲ್ಲ. "ಕಾಫಿ ಕುಡಿದುಬಿಟ್ರೆ ಅವರು ಹೇಳಿದ್ದೆಲ್ಲ ನಿಜ ಅನ್ಸೋಕೆ ಶುರುವಾಗುತ್ತೆ" ಅಂತ ಅವರ ಅಂಬೋಣ. ಇನ್ನೊಂದು, ಎರಡು ಬಾಯಿ ಹೇಳದೆ ಯಾವ ಹೆಸರನ್ನೂ ಶಾಯಿಯಲ್ಲಿ ಬರೆಯುತ್ತಿರಲಿಲ್ಲ. ಒಂದು ಬಾಯಿ ಹೇಳಿದ್ದು ಪೆನ್ಸಿಲ್ಲಿನಲ್ಲೇ ಇರುತ್ತಿತ್ತು. ಆ ಎರಡು ಬಾಯಿಯೂ ಯಾವ್ಯಾವುವೋ ಆಗುವಂತಿಲ್ಲ. "ಒಟ್ಟಿಗೆ ಉಣ್ಣೋ ಇಬ್ರು ಒಂದೇ ಮಾತು ಹೇಳಿದ್ರೆ ಅದು ಒಂದೇ ಬಾಯಿ. ಮಾತು ಬಿಟ್ಟಿರೋ ಇಬ್ರು ಒಂದೇ ಹೆಸರು ಹೇಳ್ಬೇಕು." ಎದುರುಬದುರು ಮನೆ ಕಟ್ಟಿಕೊಂಡು ಕೋರ್ಟಿಗೆ ಅಲೆಯುತ್ತಿದ್ದ ಇಬ್ಬರು ದಾಯಾದಿಗಳ ಬಳಿಗೆ ಅವರು ಹೋದ ಕತೆ ನನಗೆ ಬಾಯಿಪಾಠ. ಈ ಜಗಲಿಯಲ್ಲಿ ಒಂದು ಗಂಟೆ, ಆ ಜಗಲಿಯಲ್ಲಿ ಒಂದು ಗಂಟೆ. ಇಬ್ಬರೂ ಮುತ್ತಜ್ಜಿಯ ಹೆಸರನ್ನು ಒಂದೇ ಥರ ಹೇಳಿದರಂತೆ. "ಅವತ್ತು ಎರಡೂ ಮನೇಲಿ ಕಾಫಿ ಕುಡಿದೆ" ಅಂತ ಪ್ರಶಸ್ತಿ ಬಂದವರ ಹಾಗೆ ಹೇಳುತ್ತಿದ್ದರು.

ಇಷ್ಟಾದರೆ ಅದು ನಿವೃತ್ತ ಮೇಷ್ಟ್ರೊಬ್ಬರ ಹವ್ಯಾಸ, ಯಾರಿಗೂ ತೊಂದರೆಯಿಲ್ಲ. ಆದರೆ ಬರಬರುತ್ತ ಜನ ಮದುವೆಗೆ ಮುಂಚೆ ಅವರ ಮನೆ ಬಾಗಿಲಿಗೆ ಬರತೊಡಗಿದರು. ನಮ್ಮಲ್ಲಿ ಒಬ್ಬನೇ ಗಂಡಸಿನ ಗಂಡು ಸಂತಾನದಿಂದ ಬಂದ ಮನೆಗಳೆಲ್ಲ ಅಣ್ಣತಮ್ಮಿಕೆ. ಒಂದೇ ಒಕ್ಕಲು, ಒಂದೇ ಮನೆದೇವರು. ಎಷ್ಟು ತಲೆಮಾರು ಕಳೆದಿದ್ದರೂ ಆ ಮನೆಯ ಹುಡುಗ ಹುಡುಗಿ ಅಣ್ಣ ತಂಗಿಯೇ, ಕೊಟ್ಟು ತರುವಂತಿಲ್ಲ. ಮಗಳ ಕಡೆಯಿಂದ ಬಂದ ಮನೆಯಾದರೆ ನೆಂಟಸ್ತನ, ಧಾರಾಳವಾಗಿ ಕೊಡಬಹುದು. ಹಳ್ಳಿಯಲ್ಲಿದ್ದಾಗ ಇದು ಎಲ್ಲರಿಗೂ ಗೊತ್ತಿತ್ತು. ಪಟ್ಟಣ ಸೇರಿ ಎರಡು ತಲೆಮಾರಾದ ಮೇಲೆ ಯಾರು ಯಾರಿಗೆ ಏನಾಗಬೇಕು ಅನ್ನುವುದು ಮರೆತುಹೋಗಿದೆ, ಭಯ ಮಾತ್ರ ಉಳಿದಿದೆ. ಹಾಗಾಗಿ ಮೇಷ್ಟ್ರ ನಕ್ಷೆ ನೋಡಿಸಿಕೊಂಡೇ ಲಗ್ನಪತ್ರಿಕೆ ಕೊಡಲು ನನ್ನ ಅಂಗಡಿಗೆ ಬರುವವರಾದರು. ಮೇಷ್ಟ್ರು ಯಾವತ್ತೂ "ಕೊಡಿ" ಅಂತಲೂ ಹೇಳಲಿಲ್ಲ, "ಕೊಡಬೇಡಿ" ಅಂತಲೂ ಹೇಳಲಿಲ್ಲ. "ಹರಿವು ಹೀಗಿದೆ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು" ಅನ್ನುತ್ತಿದ್ದರು. ಇದು ದೊಡ್ಡ ನ್ಯಾಯ ಅಂತ ಆಗ ನನಗೂ ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಕುಟುಂಬ ಚರಿತ್ರೆಯ ಸಂಶೋಧಕರದೊಂದು ಸಮ್ಮೇಳನ ನಿಗದಿಯಾಯಿತು. ಮೇಷ್ಟ್ರಿಗೆ ಬಂದ ಮೊದಲ ದೊಡ್ಡ ಮರ್ಯಾದೆ ಅದು. ಅವರ ಅಷ್ಟೂ ನಕ್ಷೆಗಳನ್ನು ಸೇರಿಸಿ ಒಂದೇ ಬಟ್ಟೆಯ ಮೇಲೆ ಅಚ್ಚು ಹಾಕಿಸಿ ವೇದಿಕೆಯ ಹಿಂದೆ ಕಟ್ಟುವುದು, ಮಧ್ಯಾಹ್ನ ಅದನ್ನೇ ಬಿಡುಗಡೆ ಮಾಡುವುದು ಅಂತ ತೀರ್ಮಾನವಾಯಿತು. ಕೆಲಸ ನನಗೆ ಬಂತು. ಖುಷಿಯಾಗಿಯೇ ಹಿಡಿದೆ. ಆಗ ನಮ್ಮ ಮನೆಯಲ್ಲೂ ಸಂಭ್ರಮ. ನನ್ನ ಮಗಳು ಕಣ್ಣಾಸ್ಪತ್ರೆಯೊಂದರಲ್ಲಿ ಕನ್ನಡಕದ ಪವರ್ ನೋಡುವ ಕೆಲಸದಲ್ಲಿದ್ದಳು. ಮಂಡಕಳ್ಳಿಯ ಹುಡುಗನೊಬ್ಬ ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಅಲ್ಲಿಗೆ ಬಂದಿದ್ದ. ಅಜ್ಜಿಗೆ ಕಣ್ಣು ಕಂಡದ್ದು ಒಂದೇ ವಾರದಲ್ಲಿ, ಹುಡುಗ ಮಾತ್ರ ಆರು ತಿಂಗಳು ಆಸ್ಪತ್ರೆಗೆ ಅಲೆದ. ಕೊನೆಗೆ ಅಜ್ಜಿಯೇ ಮುಂದೆ ನಿಂತು ಸಂಬಂಧ ಕೇಳಿದರು. ಎಲ್ಲರಿಗೂ ಒಪ್ಪಿಗೆಯಾಗಿ ವೀಳ್ಯಶಾಸ್ತ್ರಕ್ಕೆ ದಿನ ನೋಡಿದ್ದೆವು. ಮೇಷ್ಟ್ರನ್ನು ಕೇಳಬೇಕು ಅಂತ ನನಗೆ ಹೊಳೆಯಲೂ ಇಲ್ಲ. ಊರಿಗೆಲ್ಲ ಪತ್ರಿಕೆ ಮಾಡಿಕೊಡುವವನಿಗೆ ತನ್ನ ಮನೆಯದು ಹೊಳೆಯುವುದು ಯಾವಾಗ?

ನಕ್ಷೆ ಟೈಪ್ ಮಾಡುತ್ತ ಮಾಡುತ್ತ ಒಂದು ಬೆಳಗ್ಗೆ ನನ್ನ ವಂಶಕ್ಕೇ ಬಂದೆ. ನಮ್ಮ ಹಳೆಯ ಊರಿನ ಕರಿಗೌಡ, ಅವನ ಮಗ ದೊಡ್ಡೇಗೌಡ, ಅಲ್ಲಿಂದ ಇಳಿದು ನಮ್ಮ ತಾತ, ನಮ್ಮಪ್ಪ, ನಾನು. ದೊಡ್ಡೇಗೌಡನಿಂದ ಇನ್ನೊಂದು ನೀಲಿ ಗೆರೆ ಹೊರಟಿತ್ತು. ಅಲ್ಲಿ ತಾತನ ಹೆಸರನ್ನೇ ಇಟ್ಟುಕೊಂಡ ಮೊಮ್ಮಗ, ಇನ್ನೊಬ್ಬ ಕರಿಗೌಡ. ಅವನು ಮಂಡಕಳ್ಳಿಗೆ ಹೋಗಿ ನೆಲೆಸಿದ್ದ. ಆ ಗೆರೆಯ ತುದಿಯಲ್ಲಿ ನಮ್ಮ ಬೀಗರಾಗಬೇಕಾದವರ ಹೆಸರಿತ್ತು, ಅದರ ಕೆಳಗೆ ಹುಡುಗನ ಹೆಸರು.

ಮೌಸ್ ಹಿಡಿದಿದ್ದ ಕೈ ನಿಂತುಬಿಟ್ಟಿತು. ಹೊರಗೆ ಯಾರೋ ಫೋಟೋ ಲ್ಯಾಮಿನೇಷನ್ ಮಾಡ್ತೀರಾ ಅಂತ ಎರಡು ಸಲ ಕೇಳಿದರು, ಇಲ್ಲ ಅಂದುಬಿಟ್ಟೆ. ಆಮೇಲೆ ನಾನು ಮಾಡಿದ್ದು ಇಷ್ಟು: ಆ ಎರಡನೇ ಕರಿಗೌಡನ ಗೆರೆಯನ್ನು ಹಿಡಿದು ಎಳೆದು, ಪಕ್ಕದ ಇನ್ಯಾವುದೋ ಹೊಳೆಗೆ ಅಂಟಿಸಿದೆ. ಅರ್ಧ ನಿಮಿಷದ ಕೆಲಸ. ನೂರಾರು ಗೆರೆಗಳ ನಡುವೆ ಯಾರಿಗೆ ಕಾಣುತ್ತದೆ ಅಂದುಕೊಂಡೆ.

ಮಾರನೇ ದಿನ ಮೇಷ್ಟ್ರು ಪ್ರೂಫ್ ನೋಡಲು ಬಂದರು. ಹೆಬ್ಬೆರಳನ್ನು ಗೆರೆಯ ಮೇಲಿಟ್ಟು ನಿಧಾನವಾಗಿ ಇಳಿಸುತ್ತ ಹೋದರು. ಅಲ್ಲಿಗೆ ಬಂದಾಗ ಬೆರಳು ನಿಂತಿತು.

"ಈ ನೀರು ಇಲ್ಲಿಗೆ ಹೇಗೆ ಬಂತು?"

"ಸಾಫ್ಟ್‌ವೇರು ಮೇಷ್ಟ್ರೇ, ಒಂದೊಂದ್ಸಲ ಜಾರಿಬಿಡುತ್ತೆ" ಅಂದೆ.

ಅವರು ಗೆರೆಯ ಕೆಳತುದಿಯ ಹೆಸರು ಓದಿದರು. ಆಮೇಲೆ ನನ್ನ ಮುಖ ನೋಡಿದರು. "ಹುಡುಗೀನ ಮಂಡಕಳ್ಳಿಗೆ ಕೊಡ್ತಿದೀರಾ?"

ನಾನು ಸಿಡಿದೆ. "ಹೌದು, ಕೊಡ್ತಿದೀನಿ! ಏಳು ತಲೆಮಾರಿನ ಹಿಂದಿನ ಯಾವನೋ ಕರಿಗೌಡನ್ನ ಕಟ್ಕೊಂಡು ನನ್ನ ಮಗಳ ಬಾಳು ಹಾಳುಮಾಡ್ಬೇಕಾ ಮೇಷ್ಟ್ರೇ? ಒಂದ್ ಗೆರೆ. ಒಂದೇ ಒಂದ್ ಗೆರೆ ಬಿಟ್ಟುಬಿಡಿ."

"ಬಿಟ್ರೆ ನಾನ್ಯಾಕೆ ಬರೀಬೇಕು?" ಅಂದರು. "ಗೆರೆ ಮೊದಲಿದ್ದ ಕಡೆಗೇ ಹಾಕಿ. ನೀವು ಮದುವೆ ಮಾಡೋದು ಬಿಡೋದು ನಿಮ್ಮಿಷ್ಟ. ನಾನು ಯಾರಿಗೂ ಹೇಳಲ್ಲ."

ಹೇಳುವುದೇನು ಬಂತು? ಅದೇ ನಕ್ಷೆ ನೂರಾರು ಜನರ ಎದುರು ವೇದಿಕೆಯ ಮೇಲೆ ತೂಗಾಡುತ್ತದೆ, ಸಮ್ಮೇಳನಕ್ಕೆ ಬೀಗರೂ ಬರುವವರಿದ್ದರು. ಗೆರೆಯನ್ನು ವಾಪಸ್ ಹಾಕಿದೆ. ಅವತ್ತೇ ಮಂಡಕಳ್ಳಿಗೆ ಹೋಗಿ ಬೀಗರಿಗೆ ನಾನೇ ವಿಷಯ ತಿಳಿಸಿದೆ. ಬೇರೆಯವರ ಬಾಯಿಂದ ಗೊತ್ತಾಗುವುದಕ್ಕಿಂತ ಅದು ವಾಸಿ. ಅವರು ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ. ಮುಖ ಮಾತ್ರ ಇಳಿದುಹೋಯಿತು. "ಸಮ್ಮೇಳನಕ್ಕೆ ಹೆಳವರನ್ನ ಕರೆಸ್ತಾರಂತಲ್ಲ. ಅವರ ಬಾಯಲ್ಲಿ ಕೇಳಿಬಿಡೋಣ. ಅವರೂ ಅಣ್ತಮ್ಮಿಕೆ ಅಂದ್ರೆ ಅಲ್ಲಿಗೆ ಮುಗೀತು. ನೀವೂ ಬೇಜಾರ್ ಮಾಡ್ಕೋಬೇಡಿ, ನಾವೂ ಮಾಡ್ಕೊಳಲ್ಲ" ಅಂದರು. ಹೆಳವರೆಂದರೆ ತಲೆತಲಾಂತರದಿಂದ ಮನೆಮನೆಗೆ ಬಂದು ವಂಶ ಹೇಳುವವರು. ಅವರ ಮಾತಿಗೆ ಎದುರಿಲ್ಲ.

ಮಗಳಿಗೆ ಹೇಳಿದೆ. ಅವಳು ಅಳಲಿಲ್ಲ. ಸಮ್ಮೇಳನ ಯಾವತ್ತು ಅಂತ ಮಾತ್ರ ಕೇಳಿ, ವೀಳ್ಯಶಾಸ್ತ್ರಕ್ಕೆಂದು ರಜೆಗೆ ಬರೆದುಕೊಟ್ಟಿದ್ದನ್ನು ರದ್ದು ಮಾಡಿಸಿ, ಮಾಮೂಲಿಯಂತೆ ಕೆಲಸಕ್ಕೆ ಹೋದಳು. ಅಲ್ಲಿಂದ ಒಂಬತ್ತು ದಿನ ನಾನು ಮೇಷ್ಟ್ರ ಜೊತೆ ಮಾತು ಬಿಟ್ಟೆ. ಅವರ ಮೊಪೆಡ್ಡಿನ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಸಮ್ಮೇಳನ ಒಂದು ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲೇ ಬ್ಯಾಡ್ಜು, ಪೆನ್ನು, ಉಪ್ಪಿಟ್ಟು ಕೇಸರಿಬಾತು. ಎಲ್ಲಿ ನೋಡಿದರೂ ವಯಸ್ಸಾದವರು ಒಬ್ಬರ ಬ್ಯಾಡ್ಜನ್ನು ಒಬ್ಬರು ಬಗ್ಗಿ ಓದುತ್ತ, "ನಿಮ್ಮ ಮೂಲ ಯಾವೂರು?" ಅಂತ ಕೇಳಿಕೊಳ್ಳುತ್ತಿದ್ದರು. ಒಳಗೆ ನನ್ನ ಕೈಯಾರೆ ಅಚ್ಚು ಮಾಡಿದ ನಕ್ಷೆ ಗೋಡೆಯಗಲ ತೂಗುತ್ತಿತ್ತು. ನನಗೆ ಕಂಡದ್ದು ಅದರಲ್ಲಿ ಒಂದೇ ಗೆರೆ. ಬೀಗರು ತಮ್ಮ ತಾಯಿಯನ್ನು, ಅದೇ ಕಣ್ಣಿನ ಅಜ್ಜಿಯನ್ನು, ಕರೆದುಕೊಂಡು ಬಂದು ನನ್ನಿಂದ ಎರಡು ಸಾಲು ಮುಂದೆ ಕೂತರು. ಒಬ್ಬರಿಗೊಬ್ಬರು ಕೈ ಮುಗಿದೆವು. ಮೇಷ್ಟ್ರು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಪೆನ್ಸಿಲ್ಲು ಪುಸ್ತಕ ಹಿಡಿದು ಕೂತಿದ್ದರು.

ಹನ್ನೊಂದು ಗಂಟೆಗೆ ಹೆಳವರ ಹಿರಿಯರೊಬ್ಬರು ಬಂದರು. ಹಿಂದೆಲ್ಲ ಎತ್ತಿನ ಮೇಲೆ ಬರುತ್ತಿದ್ದರಂತೆ, ಇವರು ವ್ಯಾನಿನಲ್ಲಿ ಬಂದರು. ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಬಿಚ್ಚಿ, ಅದಕ್ಕೆ ಕೈ ಮುಗಿದು, ಕಣ್ಣು ಮುಚ್ಚಿಕೊಂಡು ರಾಗವಾಗಿ ಶುರುಮಾಡಿದರು. ಪುಸ್ತಕ ತೆರೆದದ್ದು ಶಾಸ್ತ್ರಕ್ಕೆ, ನೋಡಲೇ ಇಲ್ಲ. ಒಂದೊಂದೇ ಊರು ಬಂತು, ಹೋಯಿತು. ನಮ್ಮ ಊರಿನ ಹೆಸರು ಬಂದಾಗ ಮುಂದಕ್ಕೆ ಬಾಗಿ ಕೂತೆ.

"ಕರಿಗೌಡನ ಮಗ ದೊಡ್ಡೇಗೌಡ, ಊರಲ್ಲೇ ನಿಂತ, ಊರಲ್ಲೇ ಬೆಳೆದ. ಮಗಳ ಮಗ ಕರಿಗೌಡ, ತಾತನ ಅನ್ನ ಉಂಡ, ತಾತನ ಹೆಸರ ಹೊತ್ತ, ತೆಂಕಲಿಗೆ ಹೋದ, ಮಂಡಕಳ್ಳಿಯ ಕಂಡ..."

ಮುಂದಿನ ಊರಿಗೆ ಹೊರಟೇಹೋದರು. ಬೀಗರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ಅವರು ಹೌದು ಅಲ್ಲ ಅನ್ನುವ ಒಂದು ಮಾತಿಗೆ ಕಾದಿದ್ದವರು, ರಾಗದಲ್ಲಿ ಅದು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ನಾನು ನೋಡಿದ್ದು ಮೇಷ್ಟ್ರನ್ನು. ಅವರ ಪೆನ್ಸಿಲ್ಲು ನಿಂತಿತ್ತು, ಬಾಯಿ ಅರ್ಧ ತೆರೆದಿತ್ತು. ಮಗಳ ಮಗ! ಅಜ್ಜನ ಹೆಸರಿನ ಮೊಮ್ಮಗ ಅಂದರೆ ಮಗನ ಮಗನೇ ಅಂದುಕೊಂಡು ಮೇಷ್ಟ್ರು ಅವನನ್ನು ದೊಡ್ಡೇಗೌಡನ ಕೆಳಗೆ ಬರೆದಿದ್ದರು. ನಮ್ಮಲ್ಲಿ ಮಗನ ಮಗನಿಗೆ ತಾತನ ಹೆಸರಿಡುವುದು ವಾಡಿಕೆ, ಯಾರಾದರೂ ಹಾಗೇ ಬರೆಯುತ್ತಿದ್ದರು. ಆದರೆ ಚೊಚ್ಚಲ ಮಗು ತಾಯಿಯ ತವರಿನಲ್ಲೇ ಹುಟ್ಟಿ ಅಲ್ಲೇ ಬೆಳೆದರೆ, ಒಮ್ಮೊಮ್ಮೆ ತಾಯಿಯ ಅಪ್ಪನ ಹೆಸರು ಇಡುವುದೂ ಉಂಟು. ಹಾಗಿದ್ದರೆ ಮಂಡಕಳ್ಳಿಯವರು ನಮಗೆ ಅಣ್ಣತಮ್ಮಿಕೆಯೇ ಅಲ್ಲ, ನೆಂಟರು.

ಕಾಫಿ ವಿರಾಮದಲ್ಲಿ ಓಡಿದೆ. ಮೇಷ್ಟ್ರು ಆಗಲೇ ಹಿರಿಯರ ಮುಂದೆ ಕೂತು ಇನ್ನೊಂದು ಸಲ ಹೇಳಿಸುತ್ತಿದ್ದರು.

"ಆ ಮಗಳ ಹೆಸರೇನು ಹಿರೀಕರೇ?"

"ಹೆಣ್ಮಕ್ಕಳ ಹೆಸರು ನಮ್ಮ ಪುಸ್ತಕದಾಗೆ ಬರಾಕಿಲ್ಲ ಮೇಷ್ಟ್ರೇ. ಮಗಳ ಮಗ ಅಂತ ಅದೆ, ಅಷ್ಟೇಯ."

"ಆಯ್ತಲ್ಲ ಮೇಷ್ಟ್ರೇ! ಬೀಗರು ಅಲ್ಲೇ ಕೂತಿದಾರೆ, ಬನ್ನಿ, ಒಂದು ಮಾತು ಹೇಳಿಬಿಡಿ" ಅಂತ ನಾನು ಅವರ ತೋಳು ಹಿಡಿದೆ.

"ಒಂದೇ ಬಾಯಿ" ಅಂದರು ಮೇಷ್ಟ್ರು.

ಅವತ್ತು ಅವರ ಕತ್ತು ಹಿಸುಕದೆ ಬಿಟ್ಟದ್ದು ನನ್ನ ಪುಣ್ಯವೋ ಅವರದೋ ಗೊತ್ತಿಲ್ಲ. "ನೀವು ಬರೆದ್ರಲ್ಲ, ಆ ಗೆರೆಗೆ ಎರಡು ಬಾಯಿ ಇತ್ತಾ?" ಅಂತ ಕೇಳಿದೆ.

ಮೇಷ್ಟ್ರು ನೆಲ ನೋಡಿದರು. "ಮಂಡಕಳ್ಳೀಲಿ ಆ ಮನೆ ಅಪ್ಪ ಮಗ ಇಬ್ರನ್ನ ಕೇಳ್ದೆ. ಒಟ್ಟಿಗೇ ಕೂತಿದ್ರು. ತುಂಬ ಸುಸ್ತಾಗಿತ್ತು. ಕಾಫಿ ಕೊಟ್ರು, ಕುಡಿದೆ." ಪುಸ್ತಕ ಮುಚ್ಚಿ, "ಇರ್ಲಿಲ್ಲ" ಅಂದರು.

ಊಟದ ಹೊತ್ತಾಯಿತು. ಮೇಷ್ಟ್ರು ಎಲೆಯ ಮುಂದೆ ಕೂರಲಿಲ್ಲ. ಹೆಂಗಸರ ಪಂಕ್ತಿಯ ಕಡೆ ಹೋಗಿ, ಊಟ ಮುಗಿಸಿ ಎಲೆ ಮಡಿಸುತ್ತಿದ್ದ ಮಂಡಕಳ್ಳಿ ಅಜ್ಜಿಯ ಪಕ್ಕದಲ್ಲಿ ಒಂದು ಸ್ಟೂಲು ಎಳೆದುಕೊಂಡರು. ನಾನು ಹಿಂದೆ ನಿಂತೆ. ಇನ್ನೇನು ಕರಿಗೌಡನ ವಿಷಯ ತೆಗೆಯುತ್ತಾರೆ ಅಂದುಕೊಂಡರೆ, ಈ ಮನುಷ್ಯ ಕೇಳಿದ್ದು ಹಬ್ಬದ ಅಡುಗೆಯ ಮಾತು.

"ಪಿತೃಪಕ್ಷಕ್ಕೆ ನಿಮ್ಮನೇಲಿ ಎಷ್ಟು ಎಡೆ ಹಾಕ್ತೀರಿ ತಾಯಿ?"

"ಎರಡು ಕಣಪ್ಪ. ನಡುಮನೇಲಿ ಒಂದು, ಹಿತ್ಲ ಬಾಗ್ಲಲ್ಲಿ ಒಂದು."

"ಹಿತ್ಲ ಬಾಗ್ಲದು ಯಾರಿಗೆ?"

"ತಾತನ ಮನೆಯೋರ್ಗೆ. ಮುಂಚೆ ನಮ್ಮೋರ್ನ ಸಾಕಿ ದೊಡ್ಡೋರ್ ಮಾಡಿದ್ರಂತೆ, ಅದ್ಕೆ ಅವರ್ಗೂ ಒಂದ್ ಎಲೆ. ಆದ್ರೆ ನಮ್ ಒಕ್ಲು ಅಲ್ವಲ್ಲ, ನಡುಮನೇಲಿ ಮಡುಗಂಗಿಲ್ಲ. ನಮ್ಮತ್ತೆ ಅಂಗೇ ಮಡುಗ್ತಿದ್ರು, ನಾನೂ ಅಂಗೇ ಮಡುಗ್ತೀನಿ."

"ತಾತ ಅಂದ್ರೆ ಯಾವ ತಾತ?"

"ತಾಯಿ ಕಡೇದು. ಅದೇ ಹಳೇ ಊರ್ನೋರು."

"ಇದನ್ನ ನಿಮ್ಮ ಮನೆ ಗಂಡಸರು ನಂಗೆ ಹೇಳ್ಲೇ ಇಲ್ವಲ್ಲ ತಾಯಿ."

"ಅವ್ರಿಗೇನ್ ಗೊತ್ತು? ಗಂಡಸ್ರು ಉಣ್ಣಕ್ ಬತ್ತಾರೆ. ಎಡೆ ಎಲ್ ಮಡುಗಿದೀವಿ ಅಂತ ಯಾವತ್ ನೋಡವ್ರೆ?" ಅಂದರು ಅಜ್ಜಿ. ಆಮೇಲೆ ನನ್ನನ್ನು ಗುರುತಿಸಿ, "ಯಾಕಪ್ಪ, ಹುಡ್ಗಿ ಕರ್ಕೊಂಡ್ ಬರ್ಲಿಲ್ವಾ?" ಅಂತ ಕೇಳಿದರು. ಮಗ ಇನ್ನೂ ಅವರಿಗೆ ಏನೂ ಹೇಳಿರಲಿಲ್ಲ.

ಹೆಳವರ ಹಿರಿಯರೂ ಈ ಅಜ್ಜಿಯೂ ಅವತ್ತಿನ ತನಕ ಒಬ್ಬರನ್ನೊಬ್ಬರು ಕಂಡವರಲ್ಲ. ಎರಡು ಬಾಯಿ ಆಯಿತು. ಮೇಷ್ಟ್ರು ಎದ್ದರು.

ಮೂರು ಗಂಟೆಗೆ ಬಿಡುಗಡೆ. ಅದಕ್ಕೆ ಮುಂಚೆ ವೇದಿಕೆಯ ಪಕ್ಕದ ಕೋಣೆಯಲ್ಲಿ ಸಮ್ಮೇಳನದ ಅಧ್ಯಕ್ಷರ ಜೊತೆ ಅವರು ಮಾತಾಡಿದ್ದನ್ನು ಬಾಗಿಲಲ್ಲಿ ನಿಂತು ಕೇಳಿದೆ. ಅಧ್ಯಕ್ಷರು ಕೆಟ್ಟವರೇನಲ್ಲ, ಗಾಬರಿಯಾಗಿದ್ದರು. "ಈಗ ಬಿಡುಗಡೆ ಆಗಿಬಿಡ್ಲಿ ಮೇಷ್ಟ್ರೇ. ತಿದ್ದುಪಡಿ ಅಂತ ಆಮೇಲೆ ಒಂದು ಚೀಟಿ ಅಂಟ್ಸೋಣ. ಇಷ್ಟು ಜನದ ಮುಂದೆ ನಿಮ್ಮ ಕೆಲಸಕ್ಕೆ ನೀವೇ ಮಣ್ಣು ಹಾಕ್ಬೇಡಿ" ಅಂದರು. ಮೇಷ್ಟ್ರು ಹೊರಗೆ ಬಂದರು. ಬೀಗರನ್ನು ಮೂಲೆಗೆ ಕರೆದು ಹೇಳಿ ನಮ್ಮ ಕೆಲಸ ಮುಗಿಸಬಹುದಿತ್ತು, ಅವರ ಮಾನವೂ ಉಳಿಯುತ್ತಿತ್ತು. ಹಾಗೆ ಮಾಡುತ್ತಾರೆ ಅಂತಲೇ ಕಾದೆ. ಅವರು ಸೀದಾ ವೇದಿಕೆ ಹತ್ತಿ ಮೈಕು ಹಿಡಿದರು.

"ಈ ನಕ್ಷೇಲಿ ಒಂದು ತಪ್ಪಿದೆ" ಅಂದರು. "ನಂದೇ ತಪ್ಪು. ಒಂದು ಬಾಯಲ್ಲಿ ಕೇಳಿ ಶಾಯೀಲಿ ಬರೆದೆ. ಹೆಂಗಸರನ್ನ ಕೇಳಬೇಕಿತ್ತು, ಕೇಳ್ಲಿಲ್ಲ."

ಜೇಬಿನಿಂದ ಮಾರ್ಕರ್ ತೆಗೆದು, ತಿರುಗಿ, ಎರಡನೇ ಕರಿಗೌಡನ ನೀಲಿ ಗೆರೆಯನ್ನು ಅಡ್ಡಕ್ಕೆ ಹೊಡೆದರು. ಮೊದಲನೇ ಕರಿಗೌಡನಿಂದ ಹಸಿರಿನಲ್ಲಿ ಹೊಸ ಗೆರೆ ತೆಗೆದು, ನಡುವೆ ಒಂದು ಸೊನ್ನೆ ಸುತ್ತಿ, ಅದರ ಕೆಳಕ್ಕೆ ಮಂಡಕಳ್ಳಿಯನ್ನು ಸೇರಿಸಿದರು. ಗೆರೆ ಸೊಟ್ಟಗೆ ಬಂತು. ಹೆಸರು ಹಿಡಿದು ವಿವರಿಸಿದರು. ಬೀಗರು ಎದ್ದು ನಿಂತೇಬಿಟ್ಟರು. ಅವರು ಬಂದು ನನ್ನ ಎರಡೂ ಕೈ ಹಿಡಿದುಕೊಂಡಾಗ ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಅದೇ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಬಿಳಿ ಅಂಗಿ, ನನ್ನದೇ ವಯಸ್ಸು. ಕೂಗಲಿಲ್ಲ, ಆದರೂ ಇಡೀ ಸಭೆಗೆ ಕೇಳಿಸಿತು.

"ಐದು ವರ್ಷದ ಹಿಂದೆ ನಿಮ್ಮ ನಕ್ಷೆ ನೋಡಿ ನಮ್ಮ ಹುಡುಗಿ ಮದುವೆ ನಿಲ್ಲಿಸಿದ್ವಿ ಮೇಷ್ಟ್ರೇ. ಅವಳು ಬೇರೆ ಯಾರನ್ನೂ ಒಪ್ಲಿಲ್ಲ. ಹಂಗೇ ಇದಾಳೆ. ಅದೂ ತಪ್ಪಾ?"

ಅಧ್ಯಕ್ಷರು ಮೈಕಿಗೆ ಕೈ ಚಾಚಿದರು, ಮೇಷ್ಟ್ರು ಕೊಡಲಿಲ್ಲ.

"ಗೊತ್ತಿಲ್ಲ" ಅಂದರು. "ನೋಡ್ತೀನಿ. ನೋಡಿ ನಿಮ್ಮನೆಗೇ ಬಂದು ಹೇಳ್ತೀನಿ."

ಆಮೇಲೆ ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಕ್ಷೆಯ ಬಿಡುಗಡೆ ಆಗಲಿಲ್ಲ, ಕಾರ್ಯಕ್ರಮ ಹೇಗೋ ಮುಂದಕ್ಕೆ ಹೋಯಿತು. ನಾನು ಅವರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ. ಬೀಗರ ಜೊತೆ ಹೊಸ ದಿನ ನೋಡುವ ಮಾತಿನಲ್ಲಿದ್ದೆ.

ಆರು ಗಂಟೆಗೆ ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಹೆಳವರು, ಅಜ್ಜಿ, ಎಡೆ, ಸೊನ್ನೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಪೂರ್ತಿ ಕೇಳಿಸಿಕೊಂಡು, "ಹೆಳವರು ಮಗನ ಮಗ ಅಂದಿದ್ರೆ ನೀನೇನ್ ಮಾಡ್ತಿದ್ದೆ ಅಪ್ಪ?" ಅಂದಳು.

"ಅನ್ಲಿಲ್ವಲ್ಲ, ಈಗ್ಯಾಕೆ ಆ ಮಾತು?" ಅಂತ ಗದರಿ ಬಚ್ಚಲಿಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಮೇಷ್ಟ್ರು ಬಂದು ಅಕ್ಷತೆ ಹಾಕಿ ಊಟ ಮಾಡಿ ಹೋದರು. ಅಲ್ಲಿಂದಾಚೆಗೆ ಅವರು ಹೊಸ ನಕ್ಷೆ ಒಂದನ್ನೂ ಬರೆಯಲಿಲ್ಲ. ತಮ್ಮ ಮಾತು ಕೇಳಿ ಮದುವೆ ನಿಂತ ಮನೆಗಳನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಮತ್ತೆ ನೋಡುತ್ತಿದ್ದರು. ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಒಂದು ಕಾಲು ಬಾತಿರುತ್ತಿತ್ತು, ಆದರೂ ಮೊಪೆಡ್ ಬಿಡಲಿಲ್ಲ. ಅಂಗಡಿಗೆ ಬಂದರೆ ನೀರು ಕುಡಿದು ಸುಮ್ಮನೆ ಕೂರುತ್ತಿದ್ದರು. "ಎಲ್ಲಿಗೆ ಮೇಷ್ಟ್ರೇ?" ಅಂದರೆ, "ಇನ್ನೊಂದು ಬಾಯಿ ಹುಡುಕ್ತಿದೀನಿ" ಅನ್ನುತ್ತಿದ್ದರು. "ಯಾರೂ ಕೇಳ್ತಿಲ್ಲವಲ್ಲ, ಬಿಟ್ಟುಬಿಡಿ" ಅಂತ ಒಂದು ಸಲ ಹೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ ಇನ್ನೊಂದು ಸಲ ಹೇಳಲು ಧೈರ್ಯ ಬರಲಿಲ್ಲ.

ಅವರ ಹನ್ನೊಂದನೇ ದಿನದ ಕಾರ್ಯಕ್ಕೆ ಕುಂಬಾರಕೊಪ್ಪಲಿಗೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಅದೇ ಬಿಳಿ ಅಂಗಿ. ಸಮ್ಮೇಳನದಲ್ಲಿ ಎದ್ದು ನಿಂತವರು.

"ನಿಮ್ಮನೆಗೆ ಬಂದಿದ್ರಾ?" ಅಂತ ಮೆಲ್ಲಗೆ ಕೇಳಿದೆ.

"ಬಂದಿದ್ರು, ನಾಲ್ಕು ತಿಂಗಳಾಯ್ತು. ಮಗಳನ್ನ ಕರೀರಿ ಅಂದ್ರು. ಅವಳನ್ನ ಕೂರಿಸ್ಕೊಂಡು, 'ನಕ್ಷೆ ಸರಿಯಾಗಿತ್ತಮ್ಮ, ಮೂರು ಬಾಯಲ್ಲಿ ಕೇಳ್ದೆ, ನೀವಿಬ್ರೂ ಅಣ್ಣತಮ್ಮಿಕೆಯೋರೇ' ಅಂದ್ರು." ಅವರು ಎಲೆಯ ಮೇಲಿನ ಅನ್ನವನ್ನು ಸುಮ್ಮನೆ ಕಲೆಸುತ್ತಿದ್ದರು. "ನಂಗೆ ಎದೆ ಮೇಲಿಂದ ಕಲ್ಲು ಇಳಿಸಿದಂಗಾಯ್ತು ಸ್ವಾಮಿ. ಸದ್ಯ, ನಮ್ಮ ತಪ್ಪಿಲ್ಲವಲ್ಲ ಅಂತ. ಅಷ್ಟರಲ್ಲಿ ಅವಳಿಗೆ ಕೈ ಮುಗಿದುಬಿಟ್ರು. 'ಆದ್ರೂ ನಿಲ್ಲಿಸಬಾರದಿತ್ತು. ನಾನು ಗೆರೆ ತೋರಿಸಿ ಕೈ ತೊಳ್ಕೊಂಡೆ, ನಿನ್ನ ಮುಖ ನೋಡ್ಲಿಲ್ಲ. ಇಷ್ಟು ಹೇಳಕ್ಕೆ ಬಂದೆ' ಅಂದ್ರು."

"ಅವಳು ಏನಂದ್ಲು?"

"ರಸ್ತೆ ತನಕ ಹೋಗಿ ಮೊಪೆಡ್ ಸ್ಟ್ಯಾಂಡ್ ತೆಗೆದುಕೊಟ್ಟು ಬಂದ್ಲು. ಅವತ್ತಿಂದ ನಾನೇ ಅವಳ ಮುಖ ನೋಡಕ್ಕಾಗ್ತಿಲ್ಲ."

ಊಟ ಸೇರಲಿಲ್ಲ. ಕೈ ತೊಳೆದು ರಸ್ತೆಗೆ ಬಂದು, ಸ್ಕೂಟರಿನ ಪಕ್ಕ ನಿಂತು ಮಗಳಿಗೆ ಫೋನ್ ಮಾಡಿದೆ. ಕಾರ್ಯ ಚೆನ್ನಾಗಾಯ್ತಾ, ಮೇಷ್ಟ್ರ ಹೆಂಡತಿ ಹೇಗಿದಾರೆ ಅಂತ ಕೇಳಿದಳು. ಹೇಳಿದೆ.

"ಅವತ್ತು ನೀನೊಂದು ಮಾತು ಕೇಳಿದ್ಯಲ್ಲ" ಅಂದೆ. "ಹೆಳವರು ಮಗನ ಮಗ ಅಂದಿದ್ರೆ ಅಂತ. ನಿಲ್ಲಿಸಿಬಿಡ್ತಿದ್ದೆ ಕಣಮ್ಮ."

"ಗೊತ್ತಿತ್ತಪ್ಪ" ಅಂದಳು.